ಸೈಟು ನೋಡೋಕೆ ಜುಲೈನಲ್ಲಿ ಬನ್ನಿ

2019ರ ಆಗಸ್ಟ್‌ನಲ್ಲಿ ನಮ್ಮ ಮನೆ ಸೋಫಾ ಕೆಳಗೆ ಒಂದು ಏಡಿ ಸಿಕ್ಕಿತ್ತು. ಗದ್ದೆ ಏಡಿ. ಆಗಷ್ಟೇ ನೀರು ಇಳಿದಿತ್ತು, ನಾನು ಪೊರಕೆ ಹಿಡಿದು ಕೆಸರು ಬಳೀತಾ ಇದ್ದೆ. ಅಮ್ಮ ಬಾಗಿ ನೋಡಿ, "ಹೊಡೀಬೇಡ ಮಾರಾಯ, ಅದರ ಜಾಗಕ್ಕೆ ಅದು ಬಂದಿದೆ" ಅಂದರು.

ಅಮ್ಮ ಹೇಳಿದ್ದು ತಮಾಷೆಗಲ್ಲ. ನಮ್ಮ ಲೇಔಟ್ ಇರೋದು ಹಳೇ ಗದ್ದೆ ಬಯಲಿನ ಮೇಲೆ. ನಾನು ಸೈಟು ತಗೊಂಡಿದ್ದು ಮಾರ್ಚ್‌ನಲ್ಲಿ. ನೆಲ ಒಣಗಿ ಗಟ್ಟಿಯಾಗಿತ್ತು, ಕೆಂಪು ಮಣ್ಣು ತುಂಬಿಸಿ ಕಲ್ಲು ನೆಟ್ಟಿದ್ದರು. ಕಾಗದ ಪತ್ರ ಎಲ್ಲ ಸರಿಯಾಗಿತ್ತು. ಖಾತೆ, ಕೃಷಿ ಜಮೀನನ್ನು ಸೈಟಿಗೆ ಬದಲಿಸಿದ ಅಲಿನೇಷನ್, ಬ್ಯಾಂಕ್ ಲೋನು, ಯಾವುದಕ್ಕೂ ತಕರಾರಿಲ್ಲ. ಮೂಲೆಯಲ್ಲಿದ್ದ ಹಳ್ಳ ಎಲ್ಲಿಗೆ ಹೋಯಿತು ಅಂತ ನಾನೂ ಕೇಳಲಿಲ್ಲ, ಮಾರಿದವರೂ ಹೇಳಲಿಲ್ಲ. ಆಮೇಲೆ ನೋಡಿದರೆ ಆ ಹಳ್ಳ ಎರಡು ಅಡಿ ಪೈಪಾಗಿ ರಸ್ತೆ ಕೆಳಗೆ ಮಲಗಿತ್ತು.

2019ರ ಮಳೆಯನ್ನು ಶಿವಮೊಗ್ಗದವರು ಯಾರೂ ಮರೆತಿಲ್ಲ. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದದ್ದೆಲ್ಲ ತುಂಗೆಯಲ್ಲಿ ನಮ್ಮೂರಿಗೇ ಬರಬೇಕು ತಾನೆ. ತುಂಗೆಗೆ ಕಟ್ಟಿರೋ ಗಾಜನೂರು ಡ್ಯಾಮು ಸಣ್ಣದು, ಹಿಡಿಯೋದು 3.24 ಟಿಎಂಸಿ ಅಷ್ಟೇ. ಜೋರು ಮಳೆ ಹಿಡಿದರೆ ಬೇಗ ತುಂಬುತ್ತೆ, ಆಮೇಲೆ ಬಂದದ್ದನ್ನೆಲ್ಲ ಕೆಳಗೆ ಬಿಡಲೇಬೇಕು. ಹೊಳೆ ತುಂಬಿ ಹರಿಯೋವಾಗ ಊರೊಳಗಿನ ಚರಂಡಿ ನೀರು ಹೊಳೆಗೆ ಇಳಿಯೋದಿಲ್ಲ, ವಾಪಸ್ ಬರುತ್ತೆ. ಹಿಂದೆ ಆ ನೀರು ಗದ್ದೆಯಲ್ಲಿ, ಕೆರೆಯಲ್ಲಿ ನಾಲ್ಕು ದಿನ ನಿಂತು ಹೋಗುತ್ತಿತ್ತು. ಈಗ ನಮ್ಮ ಹಾಲ್‌ನಲ್ಲಿ ನಿಂತು ಹೋಯಿತು.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದರೆ, ಊರ ಸುತ್ತ ಎಲ್ಲಿ ನೋಡಿದರೂ ಲೇಔಟ್ ಬೋರ್ಡು. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಏರ್‌ಪೋರ್ಟ್ ಉದ್ಘಾಟನೆ ಆಯಿತಲ್ಲ, ಅಲ್ಲಿಂದ ಪ್ರತಿ ಸೈಟೂ "ಏರ್‌ಪೋರ್ಟಿಗೆ ಹತ್ತೇ ನಿಮಿಷ". 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ತಗೋಬಹುದು, ಬೆಂಗಳೂರಿನ ದುಡ್ಡಿಗೆ ಮಲೆನಾಡಿನ ಬಾಗಿಲು ತೆರೆದಿದೆ. ಬೋರ್ಡುಗಳಲ್ಲಿ ಹೊಸ ಪದಗಳು ಬೇರೆ: ಗ್ರೀನ್, ಇಕೋ, ಸಸ್ಟೇನಬಲ್. ಗೇಟಿನ ಹತ್ತಿರ ನಾಲ್ಕು ಪಾಮ್ ಗಿಡ ನೆಟ್ಟರೆ ಗ್ರೀನ್. ಮಲೆನಾಡಿನಲ್ಲಿ ಪಾಮ್ ಗಿಡ ತಂದು ನೆಡೋದು ಯಾರ ಐಡಿಯಾನೋ ಗೊತ್ತಿಲ್ಲ, ಇರಲಿ.

ನಮ್ಮ ಹಳಬರು ಮನೆ ಕಟ್ಟಿದ ಜಾಗ ನೋಡಿ. ತೀರ್ಥಹಳ್ಳಿ, ಹೊಸನಗರ ಕಡೆ ಯಾವ ಹಳೇ ಮನೆಗೆ ಹೋದರೂ ಲೆಕ್ಕ ಒಂದೇ. ಮೇಲೆ ಕಾಡು, ಕೆಳಗೆ ತೋಟ, ಗದ್ದೆ, ನಡುವೆ ಎತ್ತರದ ಅಂಚಿನಲ್ಲಿ ಮನೆ. ಗದ್ದೆಗೆ ಮನೆ ಇಳಿಸಿದವರಿಲ್ಲ. ಅನ್ನ ಕೊಡೋ ಜಾಗ ಅನ್ನೋದು ಒಂದು, ಅಲ್ಲಿ ನೀರು ಬರುತ್ತೆ ಅನ್ನೋದು ಇನ್ನೊಂದು. ಗುಡ್ಡದ ದರೆಯನ್ನೂ ನೆಟ್ಟಗೆ ಕಡಿಯುತ್ತಿರಲಿಲ್ಲ. ಈಗ ವ್ಯೂ ಬೇಕು ಅಂತ ಜೆಸಿಬಿ ತಂದು ಇಪ್ಪತ್ತು ಅಡಿ ದರೆ ಕಡಿದು ಹೋಮ್‌ಸ್ಟೇ ಕಟ್ಟುತ್ತಾರೆ. 2018ರಲ್ಲಿ ಕೊಡಗಿನ ಜೋಡುಪಾಳ, ಮಕ್ಕಂದೂರಿನಲ್ಲಿ ಗುಡ್ಡ ಜಾರಿದ್ದನ್ನು ಟಿವಿಯಲ್ಲಿ ನೋಡಿದವರೇ ಕಟ್ಟುತ್ತಾರೆ.

ಹಾಗಂತ ಎಲ್ಲರೂ ಹೆಂಚಿನ ಮನೆಗೆ ವಾಪಸ್ ಹೋಗಿ ಅಂತ ನಾನು ಹೇಳೋದಿಲ್ಲ. ಪ್ರತಿ ವರ್ಷ ಹೆಂಚು ಕೈಯಾಡಿಸೋ ಕಷ್ಟ ನಮ್ಮಪ್ಪನಿಗೆ ಗೊತ್ತಿತ್ತು, ಈಗ ಆ ಕೆಲಸಕ್ಕೆ ಜನವೂ ಸಿಗಲ್ಲ. ಆದರೆ ನಾವು ಮಾಡ್ತಿರೋದು ಏನು ನೋಡಿ. ಮೊದಲು ಆರ್‌ಸಿಸಿ ಹಾಕುತ್ತೇವೆ. ಎರಡು ಮಳೆಗಾಲಕ್ಕೆ ಸೋರುತ್ತೆ. ಆಮೇಲೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು. ಒಂದು ಮನೆಗೆ ಎರಡು ಮಾಡು, ಅಂದರೆ ಎರಡು ಚಾವಣಿ! ಜಗತ್ತು ಗಾಳಿಗೆ ಬಿಡುವ ಇಂಗಾಲದ ಹೊಗೆಯಲ್ಲಿ ಶೇಕಡಾ 7ರಿಂದ 8ರಷ್ಟು ಬರೀ ಸಿಮೆಂಟ್ ತಯಾರಿಕೆಯದು. ಆ ಹೊಗೆಯಿಂದ ಭೂಮಿ ಬಿಸಿಯಾಗುತ್ತೆ, ಬಿಸಿ ಗಾಳಿ ಜಾಸ್ತಿ ನೀರು ಹಿಡಿಯುತ್ತೆ, ತಿಂಗಳ ಮಳೆ ನಾಲ್ಕು ದಿನದಲ್ಲಿ ಸುರಿಯೋದು ಹೆಚ್ಚಾಗುತ್ತೆ. ಆ ಮಳೆಗೆ ಹೆದರಿ ನಾವು ಇನ್ನೊಂದು ಮಾಡು ಹಾಕುತ್ತೇವೆ.

ಹೋಗಲಿ, ಶೀಟು ಹಾಕಿದ್ದಾಯಿತು. ಆ ನೀರಾದರೂ ಹಿಡಿಯುತ್ತೇವಾ? ಸಾವಿರ ಚದರ ಅಡಿ ಮಾಡಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 4,600 ಲೀಟರ್. ನಾನು 2020ರಲ್ಲಿ ಶೀಟಿನ ಅಂಚಿಗೆ ನೀರು ಹರಿಯೋ ದೋಣಿ ಕಟ್ಟಿಸಿ, ಮರಳು ಇದ್ದಿಲಿನ ಡ್ರಮ್ಮಿನ ಮೂಲಕ ಸಂಪಿಗೆ ಬಿಟ್ಟೆ. ಮೊದಲ ಮಳೆ ನೀರು ಹೊರಗೆ ಚೆಲ್ಲೋಕೆ ಒಂದು ವಾಲ್ವು. ಸಂಪು ತುಂಬಿದ ಮೇಲೆ ಮಿಕ್ಕಿದ್ದು ಇಂಗುಗುಂಡಿಗೆ. ಮಳೆಗಾಲದಲ್ಲಿ ಗುಂಡಿಯೂ ಬೇಗ ತುಂಬಿಬಿಡುತ್ತೆ, ಗದ್ದೆ ನೆಲ ನೋಡಿ, ಎಷ್ಟು ತಾನೇ ಕುಡಿದೀತು. ಆದರೂ ನೆಲ ಒರೆಸೋಕೆ, ಬಟ್ಟೆಗೆ, ಗಿಡಕ್ಕೆ ನಾವು ನಲ್ಲಿ ಮುಟ್ಟಲ್ಲ. ಪಕ್ಕದ ಮನೆಯವರ ಶೀಟಿನ ನೀರು ಈಗಲೂ ಸೀದಾ ರಸ್ತೆಗೆ. ಹೇಳಿ ಹೇಳಿ ಸಾಕಾಗಿದೆ.

ಸರ್ಕಾರಿ ಕೆಲಸ ಆಗಿಲ್ಲ ಅಂತಲ್ಲ. 2016ರಲ್ಲಿ ನಮ್ಮೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಫುಟ್‌ಪಾತ್ ಬಂತು, ಹೊಳೆ ದಂಡೆಯಲ್ಲಿ ವಾಕಿಂಗ್ ಮಾಡುವಂತಾಯಿತು. ಚೆನ್ನಾಗಿದೆ. ಆದರೆ ಹೊಸ ಬಡಾವಣೆಗೆ ಒಪ್ಪಿಗೆ ಕೊಡೋ ಮುಂಚೆ ಹಳ್ಳ, ಕಾಲುವೆ, ಕೆರೆ ಕೋಡಿಯ ನಕ್ಷೆಯನ್ನು ಸೈಟಿನ ನಕ್ಷೆ ಮೇಲಿಟ್ಟು, ಕೊಳ್ಳೋರಿಗೆ ಕಾಣೋ ಹಾಗೆ ಗೇಟಿನಲ್ಲೇ ಹಾಕಿಸಬೇಕು ಅನ್ನೋದು ನನ್ನ ಹಟ. ರೇರಾ ನಂಬರ್, ಅಂದರೆ ಲೇಔಟಿನ ಸರ್ಕಾರಿ ನೋಂದಣಿ ನಂಬರ್, ನೋಡಿ ನಾವು ನಿಶ್ಚಿಂತರಾಗುತ್ತೇವೆ. ಕಾಗದಕ್ಕೆ ಅದು ಬೇಕೇ ಬೇಕು. ನೀರಿಗೆ ಬೇರೆ ಕಾಗದ ಬೇಕು.

ಮೊನ್ನೆ ಗೆಳೆಯನೊಬ್ಬ ಸೈಟು ನೋಡೋಕೆ ಕರೆದ. ಬೇಸಿಗೆಯಲ್ಲೇ ಕರೆದಿದ್ದ, ಜುಲೈವರೆಗೆ ತಡಿ ಅಂದಿದ್ದೆ. ಕೊಡೆ ಹಿಡಿದು ಹೋದೆವು, ಅಮ್ಮನೂ ಬಂದರು. ಬ್ರೋಕರ್ ಮೂವತ್ತು ನಲವತ್ತರ ಕಾರ್ನರ್ ಸೈಟು ತೋರಿಸ್ತಾ ಇದ್ದ. ಅಮ್ಮ ಮೂಲೆಗೆ ಹೋಗಿ ನಿಂತು, "ಇಲ್ಲಿ ಕೆಸು ಎಷ್ಟು ಚೆನ್ನಾಗಿ ಬಂದಿದೆ ನೋಡೋ" ಅಂದರು. ಸೊಂಟದೆತ್ತರದ ಕೆಸು, ನೀರು ನಿಲ್ಲೋ ಜಾಗದಲ್ಲಿ ಚೆನ್ನಾಗಿ ಬರೋ ಗಿಡ.

"ಅದು ಕಳೆ ಅಮ್ಮಾ, ಎರಡು ಲೋಡ್ ಮಣ್ಣು ಹಾಕಿದ್ರೆ ಹೋಗುತ್ತೆ" ಅಂದ ಬ್ರೋಕರ್.

ಗೆಳೆಯ ಕೆಸು ನೋಡಿದ, ನನ್ನ ಮುಖ ನೋಡಿದ. ಅಡ್ವಾನ್ಸ್ ಚೆಕ್ಕು ಜೇಬಿನಲ್ಲೇ ಉಳಿಯಿತು. ಅಮ್ಮ ಅಷ್ಟರಲ್ಲಿ ಎಳೇ ಎಲೆ ಆರಿಸಿ ಒಂದು ಕಟ್ಟು ಮಾಡಿದ್ದರು. ಸಂಜೆ ಪತ್ರೊಡೆ.