ಸ್ಟಿಕ್ಕರ್ ಅಂಟಿಸುವ ಪದವಿ

ನಿನ್ನೆ ಮಧ್ಯಾಹ್ನದಿಂದ ಖುಷಿಯೂ ಸಿಟ್ಟೂ ಒಟ್ಟಿಗೇ ಕುದಿಯುತ್ತಿವೆ. ಬರೆಯದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ನಮ್ಮ ಲ್ಯಾಬಿಗೆ ತರಬೇತಿಯ ಪೋಸ್ಟಿಂಗ್ ಮೇಲೆ ಬಂದಿರುವ ಬಿ.ಎಸ್ಸಿ. ಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ತಂತ್ರಜ್ಞಾನ) ಹುಡುಗಿಯೊಬ್ಬಳು ಒಂದು ರಿಪೋರ್ಟ್ ತಡೆದಳು. ಪೊಟ್ಯಾಸಿಯಂ 9.1. ಅದು 3.5ರಿಂದ 5ರ ಆಸುಪಾಸಿನಲ್ಲಿರಬೇಕು. 9 ದಾಟಿದರೆ ಹೃದಯವೇ ನಿಂತುಹೋಗಬಹುದು. ನಾನು ವಾರ್ಡಿಗೆ ತಿಳಿಸಲು ಫೋನ್ ಎತ್ತಿಯಾಗಿತ್ತು. ಅವಳು ಅಳುಕುತ್ತಲೇ, "ಮೇಡಂ, ಕ್ಯಾಲ್ಸಿಯಂ ಬರೀ 4.2 ಇದೆ. ಎಎಲ್‌ಪಿ ಕೂಡ ತೀರಾ ಕಡಿಮೆ. ನೇರಳೆ ಮುಚ್ಚಳದ ಟ್ಯೂಬಿನ ರಕ್ತವೇನಾದರೂ ಇದಕ್ಕೆ ಸೇರಿದೆಯೇ?" ಎಂದಳು.

ಸೇರಿತ್ತು. ಹಳದಿ ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ನೇರಳೆಯದರಿಂದ ಒಂದಿಷ್ಟು ಸುರಿದಿದ್ದರಂತೆ. ಹೊಸದಾಗಿ ರಕ್ತ ತೆಗೆಸಿ ನೋಡಿದಾಗ ಪೊಟ್ಯಾಸಿಯಂ 4.3.

ಈ ಕಸುಬಿನವರಲ್ಲದ ಗೆಳೆಯರಿಗಾಗಿ: ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿರುತ್ತಾರೆ, ಅದೂ ಪೊಟ್ಯಾಸಿಯಂ ಲವಣವಾಗಿ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಎಎಲ್‌ಪಿ ಕಿಣ್ವಕ್ಕೆ ಬೇಕಾದ ಸತು, ಮೆಗ್ನೀಸಿಯಂಗಳನ್ನೂ ಬಿಡುವುದಿಲ್ಲ. ಒಂದು ಏರಿ ಉಳಿದೆರಡು ಕುಸಿದಿವೆ ಎಂದರೆ ರೋಗಿಗಿಂತ ಮೊದಲು ಟ್ಯೂಬಿನ ಮೇಲೆ ಅನುಮಾನ ಬರಬೇಕು. ಬರದಿದ್ದರೆ ಇಲ್ಲದ ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ ಹೋಗುತ್ತದೆ. ಆಮೇಲೆ ಆಗುವುದು ನಿಜವಾದ ಅಪಾಯ.

ಇನ್ನು ಸಿಟ್ಟಿನ ಮಾತು. ಈ ಹುಡುಗಿಯನ್ನು ಮೊದಲ ಮೂರು ವಾರ ಕೂರಿಸಿದ್ದು ಸ್ಯಾಂಪಲ್ ಕೌಂಟರಿನಲ್ಲಿ. ಬಾರ್‌ಕೋಡ್ ಅಂಟಿಸು, ವಾರ್ಡಿಗೆ ಓಡು, ಮತ್ತೆ ಬಾರ್‌ಕೋಡ್ ಅಂಟಿಸು. ಮೂರು ವರ್ಷ ಬಯೋಕೆಮಿಸ್ಟ್ರಿ, ಹೆಮಟಾಲಜಿ, ಮೈಕ್ರೋಬಯಾಲಜಿ ಓದಿ ಬಂದವಳಿಗೆ ನಾವು ಕೊಟ್ಟ ಉನ್ನತ ತರಬೇತಿ ಇದು. ಸ್ಟಿಕ್ಕರ್ ಓರೆಯಾಗದಂತೆ ಅಂಟಿಸುವುದರಲ್ಲಿ ಅವಳಿಗೆ ಈಗ ಡಾಕ್ಟರೇಟ್ ಕೊಡಬಹುದು.

ಸಂಬಳವಿಲ್ಲದ ಕೈಗಳು ಸಿಕ್ಕರೆ ಯಾವ ಲ್ಯಾಬ್ ಬಿಡುತ್ತದೆ? ಕಾಲೇಜಿಗೆ ಹಾಜರಾತಿ ಮತ್ತು ಲಾಗ್‌ಬುಕ್ಕಿನ ಸಹಿ ಸಾಕು. ಅಲೈಡ್ ಹೆಲ್ತ್ ವೃತ್ತಿಗಳಿಗೆಂದೇ (ಲ್ಯಾಬ್, ಫಿಸಿಯೋಥೆರಪಿಯಂಥ ವೈದ್ಯಕೀಯ ಸಹ ವೃತ್ತಿಗಳು) 2021ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ಅದರ ಪಟ್ಟಿಯಲ್ಲಿ ಮೊದಲನೆಯ ವಿಭಾಗವೇ ಲ್ಯಾಬಿನವರದು. ಕೌಂಟರಿನವರೆಗೆ ಆ ಸುದ್ದಿ ಇನ್ನೂ ಬಂದಿಲ್ಲ.

"ಈಗೆಲ್ಲ ಮೆಷಿನ್ನೇ ಮಾಡುತ್ತದಲ್ಲ, ಹುಡುಗರು ಕಲಿತು ಏನಾಗಬೇಕು?" ಎಂದು ನಮ್ಮ ಭಾವ ಪ್ರತಿ ಹಬ್ಬದೂಟದಲ್ಲೂ ಕೇಳುತ್ತಾರೆ. ಒಪ್ಪಿದೆ ಭಾವ, ಕೆಂಪುಕಣ ಒಡೆದು ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಕೆಂಪಾದರೆ ಮೆಷಿನ್ ತಾನೇ ಎಚ್ಚರಿಸುತ್ತದೆ. ಇಡಿಟಿಎಗೆ ಬಣ್ಣವಿಲ್ಲ. ನಿನ್ನೆಯ ಸೀರಂ ಹೊನ್ನಿನಂತೆ ತಿಳಿಯಾಗಿತ್ತು. ಮೆಷಿನ್ ಕಮಕ್ ಕಿಮಕ್ ಎನ್ನದೆ 9.1 ಎಂದು ಬರೆದು ಮುಂದಿನ ಟ್ಯೂಬಿಗೆ ಹೋಯಿತು.

ಇಷ್ಟು ಜೋರಾಗಿ ಹೇಳುವ ನಾನು ಯಾರು? ಹದಿನೇಳು ವರ್ಷಗಳ ಹಿಂದೆ, ಬೇರೊಂದು ಊರಿನ ಆಸ್ಪತ್ರೆಯಲ್ಲಿ ಇಂಟರ್ನ್ ಆಗಿದ್ದಾಗ, ಇಂಥದ್ದೇ ರಿಪೋರ್ಟನ್ನು ಕಣ್ಣು ಮಿಟುಕಿಸದೆ ಕಳಿಸಿದ್ದೆ. ಡ್ಯೂಟಿ ಡಾಕ್ಟರಿಗೆ ಇಸಿಜಿ ನೋಡಿ ಅನುಮಾನ ಬಂದು ಮತ್ತೊಮ್ಮೆ ಮಾಡಿಸಿದ್ದರಿಂದ ಆ ಅಜ್ಜ ಬಚಾವಾದರು. ಯಾರೂ ನನ್ನನ್ನು ಬೈಯಲಿಲ್ಲ. ಯಾಕೆ ಹಾಗಾಯಿತೆಂದು ಹೇಳಲೂ ಇಲ್ಲ. ಅದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿ ಎರಡು ವರ್ಷದ ಮೇಲೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇವಳನ್ನು ಕೌಂಟರಿಗೆ ಹಾಕಿದವಳೂ ನಾನೇ. ಇಬ್ಬರು ರಜೆಯಲ್ಲಿದ್ದರು, ಬೆಳಗಿನ ಸಾಲು ಬಾಗಿಲು ದಾಟಿತ್ತು, ಕಣ್ಣಿಗೆ ಬಿದ್ದವಳು ಇವಳು. "ಒಳಗೆ ಕೂರಿಸಿ ಮೇಡಂ, ರಿಪೋರ್ಟ್‌ಗಳನ್ನು ಬರೀ ನೋಡುತ್ತಿರುತ್ತೇನೆ" ಎಂದು ನಾಲ್ಕು ಸಲ ಕೇಳಿದ ಮೇಲೆ ಒಳಗೆ ಬಿಟ್ಟೆ. ಹತ್ತು ದಿನವಷ್ಟೇ ನೋಡಿದ್ದಾಳೆ!

ಶುಕ್ರವಾರ ಅವಳ ಪೋಸ್ಟಿಂಗ್ ಮುಗಿಯುತ್ತದೆ. ಇವತ್ತು ಲಾಗ್‌ಬುಕ್ ತಂದುಕೊಟ್ಟಳು. ನೋಡಿದ ಪರೀಕ್ಷೆಗಳು ಎಷ್ಟು, ಮಾಡಿದವು ಎಷ್ಟು, ಇಲ್ಲಿ ಸಹಿ. ತಡೆದದ್ದಕ್ಕೆ ಅಂಕಣವೇ ಇಲ್ಲ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನಿನ್ನೆಯ ಕಥೆ ಬರೆದು, ಮೊಹರು ಒತ್ತಿ ಕೊಟ್ಟಿದ್ದೇನೆ. ಪುಸ್ತಕ ಹಾಳುಮಾಡಿದ್ದೀರಿ ಎಂದು ಕಾಲೇಜಿನಿಂದ ಫೋನ್ ಬಂದರೆ ಬರಲಿ.