ಡೇಟಾ ‘ದತ್ತ’ದ ಮಗಳಲ್ಲ, ತಂಗಿ

‘ಇಂಗ್ಲಿಷಿನ ಡೇಟಾ ಬಂದದ್ದೇ ಸಂಸ್ಕೃತದ ದತ್ತದಿಂದ’ ಅನ್ನೋ ಮಾತು ಓಡಾಡುತ್ತಿದೆ. ಅದು ಸರಿಯಲ್ಲ. ಡೇಟಾ ಲ್ಯಾಟಿನ್ ಪದ. ಅಲ್ಲಿ ‘ದರೆ’ ಅಂದರೆ ಕೊಡುವುದು. ಅದರ ಕೃದಂತ ‘ದತುಮ್’, ಅಂದರೆ ಕೊಟ್ಟದ್ದು. ಬಹುವಚನ ‘ದತ’.

ದತ್ತಕ್ಕೂ ಅರ್ಥ ಅದೇ ಅಲ್ವಾ? ಹೌದು, ಎರಡರ ಮೂಲವೂ ಒಂದೇ ಧಾತು, ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ತಾಯಿಯಾದ ಹಳೆಯ ಇಂಡೋ-ಯುರೋಪಿಯನ್ ಭಾಷೆಯದ್ದು. ಆದರೆ ಕಟ್ಟಿದ ರೀತಿ ಬೇರೆ. ಸಂಸ್ಕೃತದಲ್ಲಿ ‘ದದಾತಿ’ (ಕೊಡುತ್ತಾನೆ) ಎಂಬುದರ ‘ದದ್’ಗೆ ‘ತ’ ಸೇರಿ ‘ದತ್ತ’ ಆಯಿತು, ‘ತ್ತ’ದ ಒತ್ತು ಬಂದದ್ದು ಹಾಗೆ. ಲ್ಯಾಟಿನ್ನಿನಲ್ಲಿ ಬರೀ ‘ದ’ಗೆ ‘ತ’. ಸಾಲ ತಂದಿದ್ದರೆ ಆ ಒತ್ತು ಎಲ್ಲಿ ಹೋಯಿತು?

ರೋಮನ್ನರು ಪತ್ರದಲ್ಲಿ ‘ದತ’ ಎಂದು ಬರೆದು ಊರು, ದಿನ ಸೇರಿಸುತ್ತಿದ್ದರು: ಇಂಥ ದಿನ ಕೊಟ್ಟದ್ದು ಅಂತ. ತಾರೀಕಿಗೆ ನಾವು ಹೇಳುವ ‘ಡೇಟ್’ ಹುಟ್ಟಿದ್ದು ಅಲ್ಲಿಂದಲೇ. ‘ದತ್ತಾಂಶ’ವಂತೂ ಡೇಟಾಕ್ಕೆ ಸಾಟಿಯಾಗಿ ಆಮೇಲೆ ಕಟ್ಟಿಕೊಂಡ ಪದ.