ದೋರಸಮುದ್ರದಲ್ಲಿ ಪನೀರ್ ಬಟರ್ ಮಸಾಲ

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಹಾಸನದಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ನೆಂಟರು ಹೆಚ್ಚಾಗಿದ್ದಾರೆ. ಗೃಹಪ್ರವೇಶಕ್ಕೆ ಕರೆದರೂ ಬಾರದಿದ್ದ ಬೆಂಗಳೂರಿನ ಬಳಗವು ಕಳೆದ ಶನಿವಾರ ರಾತ್ರಿ ತಾನಾಗಿಯೇ ಬಂದಿಳಿದು, ಹಳೆಯ ಶಿಲ್ಪ ನೋಡುವುದೂ ಊರಿನ ಊಟ ಉಣ್ಣುವುದೂ ಒಂದೇ ದಿನದಲ್ಲಿ ಮುಗಿಯಬೇಕೆಂದು ಅಪ್ಪಣೆ ಕೊಡಿಸಿತು.

ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಸನ್ನಿಧಿಯಲ್ಲಿ ನಮಗೆ ಸಿಕ್ಕಿದ ಗೈಡ್ ಮಹಾಶಯರು, ನೆಂಟರ ಕೈಯಲ್ಲಿದ್ದ ಫೋನುಗಳನ್ನು ಒಮ್ಮೆ ನೋಡಿಯೇ ಅವರ ನಾಡಿ ಹಿಡಿದರು. ದರ್ಪಣ ಸುಂದರಿಯನ್ನು ತೋರಿಸಿ ‘ಪ್ರಪಂಚದ ಮೊದಲ ಸೆಲ್ಫಿ’ ಎಂದರು; ಬೇಟೆಗೆ ಹೊರಟ ಮದನಿಕೆಯನ್ನು ತೋರಿಸಿ ‘ಆ ಕಾಲಕ್ಕೇ ಮಿನಿ ಸ್ಕರ್ಟ್’ ಎಂದರು. ಒಂಬೈನೂರು ವರ್ಷದ ಕಲ್ಲಿಗೆ ಬೆಲೆ ಬರಬೇಕಾದರೆ ಅದು ಮಾಲ್‌ನಲ್ಲಿ ಸಿಗುವ ಯಾವುದಾದರೊಂದು ವಸ್ತುವನ್ನು ಹೋಲಲೇಬೇಕೆಂಬುದು ಈಗಿನ ಶಿಲ್ಪಶಾಸ್ತ್ರವೆಂದು ಕಾಣುತ್ತದೆ. ನಾನೂ ಸುಮ್ಮನಿರಲಾರದೆ, ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಮದನಿಕೆಗಳ ಅಡಿಯಲ್ಲಿ ತಮ್ಮ ಹೆಸರು ಕೆತ್ತಿಕೊಂಡಿರುವುದನ್ನು ಅಕ್ಕನ ಮಗನಿಗೆ ಹೇಳಿದೆ. ಅವನು ಕತ್ತೆತ್ತಿ ನೋಡಿ, ‘ಓ, ವಾಟರ್‌ಮಾರ್ಕಾ ಮಾವ?’ ಎಂದ. ಅಂದು ಕೇಳಿದ ವಿವರಣೆಗಳಲ್ಲಿ ಸತ್ಯಕ್ಕೆ ಹತ್ತಿರವಿದ್ದದ್ದು ಅದೊಂದೇ.

ಹಳೇಬೀಡಿನ ಶಿಲ್ಪಕ್ಕೆ ಇಪ್ಪತ್ತೇ ನಿಮಿಷ ಸಂದಿತು, ಏಕೆಂದರೆ ಹಸಿವಾಗಿತ್ತು.

‘ಅಪ್ಪಟ ಮಲೆನಾಡು ಊಟ’ ಎಂಬ ದೊಡ್ಡ ಬೋರ್ಡಿನ ಹೋಟೆಲೊಂದರ ಮೆನು ಗೋಬಿ ಮಂಚೂರಿಯಿಂದ ಆರಂಭವಾಗಿ ಪನೀರ್ ಬಟರ್ ಮಸಾಲದಲ್ಲಿ ಮಂಗಳ ಹಾಡಿತ್ತು. ಮಲಿಕ್ ಕಾಫೂರನ ದಂಡು 1311ರಲ್ಲಿ ದೆಹಲಿಯಿಂದ ದೋರಸಮುದ್ರಕ್ಕೆ, ಅಂದರೆ ಇದೇ ಹಳೇಬೀಡಿಗೆ ಬಂದು, ಸುಲಿಗೆ ಮಾಡಿಯಾದರೂ ಹಿಂದಿರುಗಿತು. ಅದೇ ದಿಕ್ಕಿನಿಂದ ಬಂದ ಈ ಪನೀರು ಹಿಂದಿರುಗುವ ಲಕ್ಷಣವಿಲ್ಲ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆಂದು ಬೆಳಿಗ್ಗೆಯಷ್ಟೇ ಕೇಳಿದ್ದೆವು. ಅದರ ಪ್ರಾತ್ಯಕ್ಷಿಕೆಯನ್ನು ತಂದೂರಿ ರೋಟಿಯ ಮೂಲಕ ಹೋಟೆಲಿನವರು ಬೇರೆ ಶುಲ್ಕವಿಲ್ಲದೆ ಏರ್ಪಡಿಸಿದ್ದರು.

ಅಕ್ಕಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಇದೆಯೇ ಎಂದು ವಿಚಾರಿಸಿದೆ. ‘ಅದು ಮೊದ್ಲೇ ಹೇಳಿರ್ಬೇಕು ಸಾರ್, ಯಾರೂ ಕೇಳಲ್ಲ’ ಎಂದ ಸಪ್ಲೈಯರ್. ಬಳಗದವರು ಮಾತ್ರ ತೃಪ್ತರಾಗಿದ್ದರು: ‘ಪರವಾಗಿಲ್ಲ ಕಣೋ, ನಮ್ಮ ಏರಿಯಾದ ರುಚಿಯೇ ಇದೆ’ ಎಂದು ಭಾವ ಮೆಚ್ಚಿದರು. ನೂರೆಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ ಡೀಸೆಲ್ ಸುಟ್ಟು ಬಂದದ್ದು ಸಾರ್ಥಕವಾಯಿತು.

ಕೈ ತೊಳೆಯಲು ಹಿಂದಕ್ಕೆ ಹೋದಾಗ ಬಸ್ಸಾರಿನ ಘಮ ಮೂಗಿಗೆ ಬಡಿಯಿತು. ಅಡುಗೆಮನೆಯ ಹಿಂಬಾಗಿಲಲ್ಲಿ ಅದೇ ಸಪ್ಲೈಯರ್ ಕುಕ್ಕರಗಾಲಿನಲ್ಲಿ ಕೂತು, ಹಬೆಯಾಡುವ ರಾಗಿಮುದ್ದೆಯನ್ನು ಮುರಿದು ಸಾರಿನಲ್ಲಿ ಹೊರಳಿಸುತ್ತಿದ್ದ. ನನಗೂ ಒಂದು ಮುದ್ದೆ ಹಾಕಿಸಲು ಎಷ್ಟಾಗುತ್ತದೆ ಎಂದು ಕೇಳಿದೆ.

‘ಇದು ಮೆನುನಾಗಿಲ್ಲ ಸಾರ್,’ ಎಂದು ಅವನು ತಟ್ಟೆಯನ್ನು ತುಸು ಆಚೆ ಸರಿಸಿಕೊಂಡ. ‘ಇದು ನಮಗೆ.’